ಹಗಲು ಹನ್ನೆರಡಕ್ಕೆ ಮೇಣಬತ್ತಿಯ ಊಟ

ದುಡ್ಡು ಕೊಟ್ಟು ಕತ್ತಲಲ್ಲಿ ಕೂತು ಉಣ್ಣುವ ಜನರನ್ನು ನಾನು ಜೀವಮಾನದಲ್ಲಿ ಒಂದೇ ಸಲ ನೋಡಿದ್ದೇನೆ. ನಮ್ಮ ಬೋರಗಾಂವದಲ್ಲಿ ಕತ್ತಲೆ ಪುಕ್ಕಟೆ. ಕರೆಂಟು ಹೋಯಿತೆಂದರೆ ಮಗ್ಗಗಳು ಬಾಯಿ ಮುಚ್ಚುತ್ತವೆ, ಜನ ಬಾಯಿ ತೆರೆದು ಸರಕಾರವನ್ನು ಬೈಯುತ್ತಾರೆ. ಪುಣೆಯ ಕೋರೆಗಾಂವ ಪಾರ್ಕಿನಲ್ಲಿ ಅದೇ ಕತ್ತಲೆಗಾಗಿ ಜನ ಸೂಟು ಹಾಕಿಕೊಂಡು ಕಾರಿನಲ್ಲಿ ಬರುತ್ತಾರೆ. ನಾನು ಓದಿದ್ದು ಮೂರನೆಯ ಇಯತ್ತೆ. ಅಂಥ ಹೋಟೆಲಿನ ದೊಡ್ಡತನ ನನಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ತಿಳಿದಷ್ಟು ಬರೆಯುತ್ತೇನೆ.

ನಮ್ಮೂರಿಗೆ ಬಣ್ಣದ ಟೀವಿ ಬಂದ ಹೊಸದು. ಮೊಮ್ಮಗಳು ಸುನಂದಾಳಿಗೆ ಗಂಡು ನೋಡುತ್ತಿದ್ದೆವು. ಹುಡುಗಿ ನಿಪ್ಪಾಣಿಯಲ್ಲಿ ಬಿ.ಎ. ಮುಗಿಸಿದ್ದಳು, ಕೆಲಸ ಚೊಕ್ಕ, ಮಾತು ಚೊಕ್ಕ. ಒಂದೇ ತೊಡಕು. ಸಣ್ಣವಳಿದ್ದಾಗ ಗಾಣದ ಮನೆಯಲ್ಲಿ ಬೆಲ್ಲದ ಕುದಿ ಸಿಡಿದು ಎಡಗೆನ್ನೆಯ ಮೇಲೆ ಅಂಗೈಯಷ್ಟು ಕಲೆ ಉಳಿದಿತ್ತು. ಮೂರು ಮನೆತನದವರು ಬಂದು, ಕೆನ್ನೆ ನೋಡಿ, ಊರಿಗೆ ಹೋಗಿ ಬೇಡವೆಂದು ಕಾಗದ ಬರೆದಿದ್ದರು. ಅವಲಕ್ಕಿಯ ತಾಟು ಮಾತ್ರ ಖಾಲಿ ಮಾಡಿಯೇ ಹೋಗಿದ್ದರು.

ನಾಲ್ಕನೆಯವರು ಮೂಲ ರಾಯಬಾಗದ ಕಡೆಯವರು, ನಮ್ಮ ಜೈನರೇ, ಪುಣೆಗೆ ಹೋಗಿ ದೊಡ್ಡವರಾದವರು. ಹುಡುಗ ಕಾರಖಾನೆಯಲ್ಲಿ ಸಾಹೇಬ. ಅವರು ನಮ್ಮ ಮನೆಗೇ ಬರುತ್ತೇವೆ ಎಂದರೆ ಸುನಂದಾಳ ಅಪ್ಪ, ಅಂದರೆ ನನ್ನ ಮಗ ಅಣ್ಣಾಸಾಹೇಬ, ಬೇಡ, ಪುಣೆಯ ಹೋಟೆಲಿನಲ್ಲೇ ಭೆಟ್ಟಿಯಾಗೋಣ ಎಂದ. ಅವನು ತಂಬಾಕಿನ ವ್ಯಾಪಾರಿ. ನಿಪ್ಪಾಣಿಗೆ ಹೋದರೂ ಬುತ್ತಿ ಕಟ್ಟಿಸಿಕೊಳ್ಳುವವನು. ಇವನಿಗೆ ಈ ಶೋಕಿ ಯಾವಾಗ ಹತ್ತಿತು ಎಂದು ನಾನು ಬೆರಗಾದೆ.

ಹೋಟೆಲಿನ ಬಾಗಿಲಲ್ಲಿ ದೊಡ್ಡ ರುಮಾಲು ಸುತ್ತಿದವನೊಬ್ಬ ಸಲಾಮು ಹೊಡೆದ. ಹುಡುಗನ ಕಡೆಯ ಹಿರಿಯರಿರಬೇಕೆಂದು ನಾನು ಎರಡೂ ಕೈ ಮುಗಿದೆ. ಒಳಗೆ ಹೋದರೆ ಹಗಲು ಹನ್ನೆರಡಕ್ಕೆ ದಪ್ಪ ಪರದೆ ಎಳೆದಿದ್ದಾರೆ, ಮೇಜಿಗೊಂದು ಮೇಣಬತ್ತಿ. ಯಾರೋ ಸತ್ತ ಮನೆಯ ಹಾಗೆ ಎಲ್ಲರದೂ ಪಿಸುಮಾತು. ಮೇಜಿನ ಆಚೆ ಬದಿಗೆ ಹುಡುಗ, ಅವನ ತಾಯಿ ಕೂತಿದ್ದರು. ಬಂಡಿಯ ಗಾಲಿಯಷ್ಟು ತಾಟು, ನಡುವೆ ಹಸುಗೂಸಿಗೆ ಉಣ್ಣಿಸುವಷ್ಟು ಪಲ್ಯ, ಅದರ ಮೇಲೆ ಕೊತ್ತಂಬರಿಯ ಎಲೆ, ಒಂದೇ. ಆ ಎಲೆ ಇಡಲಿಕ್ಕೇ ಬೇರೆ ಒಬ್ಬ ಮನುಷ್ಯನಿದ್ದಾನೆ ಎಂದು ಹುಡುಗನ ತಾಯಿ ಅಭಿಮಾನದಿಂದ ಹೇಳಿದರು.

ನನ್ನ ಧರ್ಮಸಂಕಟ ಬೇರೆ. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಕತ್ತಲಲ್ಲಿ ಅನ್ನದೊಳಗೆ ಬಿದ್ದ ಹುಳ ಕಾಣುವುದಿಲ್ಲ ಎಂದು ಚಾತುರ್ಮಾಸಕ್ಕೆ ಬಂದ ಮುನಿಗಳು ಬಿಡಿಸಿ ಹೇಳಿದ್ದರು. ಆದರೆ ಹೊರಗೆ ಸೂರ್ಯ ನೆತ್ತಿಯ ಮೇಲಿದ್ದು, ಒಳಗೆ ಮಾತ್ರ ಹೋಟೆಲಿನವರು ಅವನನ್ನು ಮುಳುಗಿಸಿ ಇಟ್ಟಿದ್ದರೆ ಏನು ಮಾಡಬೇಕು? ಅದನ್ನು ಮುನಿಗಳು ಹೇಳಿರಲಿಲ್ಲ. ಅವರು ಕೋರೆಗಾಂವ ಪಾರ್ಕಿಗೆ ಹೋದವರಲ್ಲ.

ವೇಟರನನ್ನು ಕರೆದೆ. "ಏ ತಮ್ಮಾ, ಆ ಪರದಾ ಸ್ವಲ್ಪ ಸರಸು."

ಪರದೆ ಸರಿಸಿದರೆ ಇಲ್ಲಿಯ ವಾತಾವರಣ ಕೆಡುತ್ತದೆ ಎಂದು ಅವನು ಮರಾಠಿಯಲ್ಲಿ ಹೇಳಿದ.

"ಯವ್ವಾ, ಸುಮ್ಮ ಕುಂಡ್ರ ಬೇ," ಎಂದು ಅಣ್ಣಾಸಾಹೇಬ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಆಗ ನನಗೆ ಹೊಳೆಯಿತು. ಮಗಳನ್ನು ಮೂಲೆಯಲ್ಲಿ, ಎಡಗೆನ್ನೆ ಗೋಡೆಗೆ ಬರುವಂತೆ ಕೂಡಿಸಿದ್ದ. ಈ ಕತ್ತಲೆಯನ್ನು ಬೇಕೆಂದೇ ಹುಡುಕಿದ್ದ. ಹೆಣ್ಣು ನೋಡಲಿಕ್ಕೆ ಕರೆದು ದೀಪ ಆರಿಸುವ ಯುಕ್ತಿ ತಂಬಾಕಿನ ಪೇಟೆಯಲ್ಲೇ ಕಲಿತದ್ದು. ಅಲ್ಲಿ ಮೇಲೆ ಒಳ್ಳೆಯ ಎಲೆ ಇಟ್ಟು ಕೆಳಗೆ ಪುಡಿ ತುಂಬುತ್ತಾರೆ. ಕೂಡುವ ಸಂಬಂಧ ಮುರಿದ ಪಾಪ ನನಗೇಕೆ? ಬಾಯಿ ಮುಚ್ಚಿಕೊಂಡು ಉಪವಾಸ ಕೂಡಲು ಸಿದ್ಧಳಾದೆ.

ಸುನಂದಾ ಎದ್ದಳು. "ನಮ್ಮಜ್ಜಿ ಕತ್ತಲ್ಯಾಗ ಉಣ್ಣಾಂಗಿಲ್ರಿ," ಎಂದು ಹೋಗಿ ಪರದೆಯನ್ನು ಒಂದೇ ಎಳೆತಕ್ಕೆ ಸರಿಸಿದಳು.

ಬಿಸಿಲು ಬಿತ್ತು. ಮೇಜಿನ ಬಟ್ಟೆಯ ಮೇಲೆ ನಮಗಿಂತ ಮೊದಲು ಉಂಡವರ ಸಾರು ಕಂಡಿತು. ಸುನಂದಾಳ ಕೆನ್ನೆಯೂ ಕಂಡಿತು.

"ಅಯ್ಯ, ಇದೇನವಾ ಗಲ್ಲದ ಮ್ಯಾಲ?" ಎಂದರು ಹುಡುಗನ ತಾಯಿ.

"ಬೆಲ್ಲದ ಕುದಿ ಸಿಡದದ್ರಿ. ಉಣ್ರಿ, ಆರತೈತಿ."

ಅವರು ಚಮಚ ಕೆಳಗಿಟ್ಟರು. ಮನೆಗೆ ಹೋಗಿ ತಿಳಿಸುತ್ತೇವೆ ಎಂದರು. ನಾನೊಬ್ಬಳೇ ಮನಸ್ಸಿಟ್ಟು ಉಂಡೆ. ನಾಲ್ಕು ತುತ್ತಿಗೆ ಮುಗಿಯಿತು, ಅದು ನನ್ನ ತಪ್ಪಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣಾಸಾಹೇಬ ಸಾತಾರದವರೆಗೆ ಹೋಟೆಲಿನ ಬಿಲ್ಲನ್ನೇ ತಿರುವಿ ತಿರುವಿ ಓದಿದ. ಆಮೇಲೆ ಬಾಯಿ ಬಿಟ್ಟ: "ಇದೂ ಹೋತು. ಹುಳಾ ಕಾಣ್ತೇನಬೇ ನಿನಗ?"

"ಅಜ್ಜೀನ್ನ ಯಾಕ ಬೈತಿ ಅಪ್ಪಾ? ಪರದಾ ಎಳದಾಕಿ ನಾ," ಎಂದಳು ಸುನಂದಾ. "ಅಂವಾ ನನ್ನ ಗಲ್ಲಾ ನೋಡಿ ಬ್ಯಾಡ ಅಂದಿದ್ರ ನಡೀತಿತ್ತು. ಬೆಳಕ ಬಿದ್ದ ಕೂಡ್ಲೆ ಅವ್ವನ ಮಾರಿ ನೋಡಿದ, ತಾ ಏನ ಅನಬೇಕು ಅಂತ. ಅಂಥಾಂವ ನನಗ ಬ್ಯಾಡ. ಅವರಕಿಂತ ಮೊದ್ಲ ನೀನ ಕಾಗದಾ ಹಾಕು."

"ಕಾರಣ ಏನಂತ ಬರೀಲಿ?"

"ಹುಡುಗನ ಕಣ್ಣ ಪಸಂದ ಬರಲಿಲ್ಲ ಅಂತ ಬರಿಯೋ," ಎಂದೆ ನಾನು.

ಮೂರು ಮನೆತನದವರು ನಮ್ಮ ಹುಡುಗಿಯ ಕೆನ್ನೆಗೆ ಹೆಸರಿಟ್ಟು ಬೇಡವೆಂದಿದ್ದರು. ನಾವು ಒಬ್ಬ ಹುಡುಗನ ಕಣ್ಣಿಗೆ ಹೆಸರಿಟ್ಟರೆ ದೇಶವೇನೂ ಮುಳುಗುವುದಿಲ್ಲ. ಅಣ್ಣಾಸಾಹೇಬ ಗೊಣಗುತ್ತಲೇ ಹಾಗೆ ಬರೆದ. ಕೊನೆಗೆ, ಊಟ ಬಹಳ ಚೆನ್ನಾಗಿತ್ತು ಎಂದೂ ನಾನೇ ಬರೆಸಿದೆ. ಒಂದಾದರೂ ಸುಳ್ಳು ಇರದಿದ್ದರೆ ಅದನ್ನು ಯಾರೂ ಸಂಬಂಧದ ಕಾಗದ ಎಂದು ನಂಬುವುದಿಲ್ಲ.