ಪಥ್ಯ ಮುಗಿದ ಮೇಲೆ

ನಿಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿರುತ್ತದೋ ನಾನರಿಯೆ. ಎಂಬತ್ತರ ದಶಕದ ಆರಂಭದಲ್ಲಿ ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯಲ್ಲಿ ಅದಕ್ಕೆ ಸ್ಥಿರವಾದ ವಿಳಾಸವೇ ಇರಲಿಲ್ಲ. ಒಂದು ವಾರ ಅಟ್ಟದ ಮೇಲಿನ ಹಳೆಯ ಹಂಡೆಯೊಳಗೆ, ಮತ್ತೊಂದು ವಾರ ಅಕ್ಕಿ ಮೂಟೆಯ ಹಿಂದೆ, ಹಬ್ಬ ಹತ್ತಿರ ಬಂತೆಂದರೆ ನನ್ನ ಸೀರೆಗಳ ಮಡಿಕೆಯ ನಡುವೆ. ಹುಬ್ಬಳ್ಳಿಯಿಂದ ಬಂದು ನಮ್ಮೊಡನೆ ನೆಲೆಸಿದ್ದ ನನ್ನ ಅತ್ತೆ ನೀಲವ್ವನವರಿಗೆ ಸಕ್ಕರೆ ಕಾಯಿಲೆ. ಕಾಯಿಲೆಗಿಂತ ಒಂದು ತೂಕ ಹೆಚ್ಚಾಗಿ ಸಕ್ಕರೆಯ ಮೇಲಿನ ಪ್ರೀತಿ. ಬಚ್ಚಿಡುವುದು ಸೊಸೆಯಾದ ನನ್ನ ಧರ್ಮ, ಹುಡುಕಿ ತೆಗೆಯುವುದು ಅವರ ಧರ್ಮ. ಹೀಗೆ ಇಬ್ಬರೂ ಧರ್ಮಿಷ್ಠರಾಗಿ ಬಾಳುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಅತ್ತೆ ಹುಡುಕುವುದನ್ನು ನಿಲ್ಲಿಸಿದರು. ನನಗೆ ಭಯವಾದದ್ದೇ ಆಗ. ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಯಕೃತ್ತಿನಲ್ಲಿ ಗಡ್ಡೆ ಬೇರೂರಿದೆ, ಕೊಯ್ದು ಫಲವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ‘ಮನೆಗೆ ಕರೆದುಕೊಂಡು ಹೋಗಿ’ ಎಂಬಷ್ಟು ಮೃದುವಾದ ಮಾತು ಅಷ್ಟು ನಿಷ್ಠುರವಾಗಿ ಕೇಳಿಸಬಲ್ಲದೆಂದು ನಾನು ಎಣಿಸಿರಲಿಲ್ಲ. ಕರೆದುಕೊಂಡು ಹೋಗಿ ಮಾಡುವುದೇನು? ಕಾಯುವುದೇ? ಇಂದು ಅಂಥ ಆರೈಕೆಗೆ ಹೆಸರಿದೆ, ಕಟ್ಟಡಗಳಿವೆ, ಕಲಿತ ದಾದಿಯರಿದ್ದಾರೆ. ಅಂದು ನಮಗಿದ್ದದ್ದು ಒಂದು ಮಂಚ ಮತ್ತು ಸ್ಕೂಟರಿನಲ್ಲಿ ಬರುವ ನಮ್ಮ ಬೀದಿಯ ಡಾಕ್ಟರು.

ಡಾಕ್ಟರು ಬಂದ ಸಂಜೆ ನಾನೂ ನನ್ನ ಗಂಡನೂ ಅವರನ್ನು ಅಡಿಗೆಮನೆಗೆ ಕರೆದು ಪಿಸುಗುಡುತ್ತಿದ್ದೆವು. ಒಳಕೋಣೆಯಿಂದ ಅತ್ತೆಯ ಕೂಗು ಬಂತು.

“ಅಲ್ಲೇನ್ ಗುಸುಗುಸು ನಡಸೀರಿ? ಹೊಟ್ಟಿ ನಂದು. ಸುದ್ದಿ ನನಗ ಹೇಳ್ರಿ.”

ಡಾಕ್ಟರು ಹೋಗಿ ಮಂಚದ ಅಂಚಿನಲ್ಲಿ ಕುಳಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅತ್ತೆ ಹೊದಿಕೆಯ ಅಂಚನ್ನು ಸವರಿ ನೇರ ಮಾಡಿದರು.

“ಭಾಳ ನೋವಾಕ್ಕೈತೇನ್ರಿ?”

“ನೋವಾಗ್ದೆ ಇರೋ ಹಾಗೆ ನೋಡ್ಕೊಳ್ತೀನಿ ತಾಯಿ. ಅದು ನನ್ನ ಕೆಲಸ.”

“ಮತ್ತ ಪಥ್ಯ?”

“ಇನ್ನು ಪಥ್ಯ ಏನೂ ಬೇಡ. ಸ್ವಲ್ಪ ಸ್ವಲ್ಪ, ನಿಮಗೆ ಇಷ್ಟ ಬಂದದ್ದು ತಿನ್ನಿ.”

ಅತ್ತೆಯ ಕಣ್ಣು ನನ್ನತ್ತ ಹೊರಳಿತು. “ಇನ್ನೊಮ್ಮಿ ಜೋರಾಗಿ ಹೇಳ್ರಿ ಸಾಹೇಬ್ರ. ನನ್ನ ಸೊಸಿ ಕಿವಿ ಸ್ವಲ್ಪ ಮಂದ ಐತಿ.”

ಕಣ್ಣೊರೆಸಿಕೊಳ್ಳುತ್ತಿದ್ದ ನನಗೆ ನಗು ಉಕ್ಕಿಬಂತು. ಡಾಕ್ಟರೂ ನಕ್ಕರು, ಅತ್ತೆ ಕೆಮ್ಮುವವರೆಗೆ ನಕ್ಕರು. ಮರುದಿನದಿಂದ ನಮ್ಮ ಅಡಿಗೆಮನೆಗೆ ಹುಚ್ಚು ಹಿಡಿಯಿತು ಅನ್ನಿ. ಬೆಳಿಗ್ಗೆ ಹೋಳಿಗೆ, ಮಧ್ಯಾಹ್ನ ಮಂಡಕ್ಕಿಯ ಗಿರ್ಮಿಟ್, ಸಂಜೆ ಮೆಣಸಿನಕಾಯಿ ಬಜ್ಜಿ. ಅವರು ತಿನ್ನುತ್ತಿದ್ದದ್ದು ಹಕ್ಕಿಯಷ್ಟು. ಆದರೆ ಬೇಡುವುದರಲ್ಲಿಯೇ, ಬೇಡಿದ್ದು ಬರುವುದರಲ್ಲಿಯೇ, ಬಂದದ್ದಕ್ಕೆ ಉಪ್ಪು ಕಡಿಮೆಯೆಂದು ಹೆಸರಿಡುವುದರಲ್ಲಿಯೇ ಅವರ ಹಸಿವು ಹಿಂಗುತ್ತಿತ್ತು. ಉಳಿದದ್ದನ್ನು ತಿಂದು ನಾನೂ ನನ್ನ ಗಂಡನೂ ದುಂಡಗಾದೆವು.

ಒಳಕೋಣೆ ಬೇಡವೆಂದು ಮಂಚವನ್ನು ಹಜಾರದ ಕಿಟಕಿಯ ಬಳಿಗೆ ಹಾಕಿಸಿಕೊಂಡರು. ಪಕ್ಕದ ಮನೆಯ ಜಯಮ್ಮ, ಬ್ಯಾಟರಾಯನಪುರದಲ್ಲಿ ಹುಟ್ಟಿ ಬೆಳೆದವಳು, ಸುದ್ದಿ ಕೇಳಿ ಹೊಸ್ತಿಲಲ್ಲೇ ಗೊಳೋ ಎಂದಳು. ಅತ್ತೆ ದಿಂಬಿನಿಂದ ತಲೆಯೆತ್ತಿ, “ಯಾಕವಾ, ಯಾರರ ಸತ್ತಾರೇನು?” ಎಂದು ಕೇಳಿದರು. ಜಯಮ್ಮ ಅಳುವನ್ನು ನುಂಗಲಾರದೆ, ನಗುವನ್ನು ತಡೆಯಲಾರದೆ, ಬಿಕ್ಕಳಿಕೆ ಹತ್ತಿಸಿಕೊಂಡು ನೀರು ಕುಡಿದಳು. ಅಂದಿನಿಂದ ದಿನವೂ ಬರತೊಡಗಿದಳು.

ಎಲ್ಲವೂ ನಗುವೇ ಆಗಿತ್ತೆಂದು ತಿಳಿಯಬೇಡಿ. ನೋವು ಬಂದಾಗ ಆ ಮುಖ ನನಗೆ ಗುರುತೇ ಸಿಗುತ್ತಿರಲಿಲ್ಲ. ನೋವು ಬಂದ ಮೇಲೆ ಮಾತ್ರೆ ಕೊಡುವುದು ನನ್ನ ರೂಢಿ, ಡಾಕ್ಟರು ತಿದ್ದಿದರು: “ಅದು ಬರೋಕ್ ಮುಂಚೆ ಕೊಡ್ಬೇಕು ಕಣಮ್ಮ. ಹೊತ್ತಿಗೆ ಸರಿಯಾಗಿ. ಸಹಿಸ್ಕೊಳ್ಳೋದ್ರಿಂದ ಅವರಿಗೇನೂ ಪುಣ್ಯ ಬರಲ್ಲ.” ಗಡಿಯಾರ ನೋಡಿ ಕೊಡತೊಡಗಿದ ಮೇಲೆ ಅತ್ತೆಯ ಮುಖ ಅತ್ತೆಗೆ ಮರಳಿ ಸಿಕ್ಕಿತು.

ಅಷ್ಟರಲ್ಲಿ ಹುಬ್ಬಳ್ಳಿಯ ರೈಲಿನಲ್ಲಿ ಯಶವಂತಪುರಕ್ಕೆ ಬಂದಿಳಿದರು ನನ್ನ ಭಾವ ಬಸವರಾಜ, ಅತ್ತೆಯ ಹಿರಿಯ ಮಗ. ತಾಯಿಯನ್ನು ಕಂಡು ಹೌಹಾರಿದರು. ಬಜ್ಜಿಯ ತಟ್ಟೆಯನ್ನು ಕಂಡು ಉರಿದುಬಿದ್ದರು.

“ಯವ್ವನ್ನ ಹಿಂಗ ಕೈ ಬಿಟ್ಟೀರಲ್ಲ! ಗ್ಲೂಕೋಸ್ ಹಚ್ಚಸ್ಬೇಕು, ಬ್ಯಾರೆ ದವಾಖಾನಿಗೆ ಹಾಕ್ಬೇಕು. ನೀವು ನೋಡಿದ್ರ ಇಲ್ಲಿ ಹಬ್ಬಾ ಮಾಡಾಕ್ಹತ್ತೀರಿ!”

ಆ ಮಾತಿನ ಹಿಂದಿದ್ದ ಪ್ರಶ್ನೆ ನನ್ನೊಳಗೂ ಇತ್ತು: ನಾವು ಮಾಡುತ್ತಿರುವುದು ಪ್ರೀತಿಯೋ, ಸೋಲೋ? ಭಾವ ಮರುದಿನ ಬೆಳಿಗ್ಗೆ ಟ್ಯಾಕ್ಸಿ ತಂದು ನಿಲ್ಲಿಸಿಯೇಬಿಟ್ಟರು. ಅತ್ತೆ ಜಗಳವಾಡಲಿಲ್ಲ. ಇಳಕಲ್ ಸೀರೆ ಉಡಿಸಿಕೊಂಡು, ಜಡೆ ಹಾಕಿಸಿಕೊಂಡು, ಇಬ್ಬರು ಮಕ್ಕಳ ತೋಳಿನಲ್ಲಿ ಮದುವಣಗಿತ್ತಿಯಂತೆ ಬಂದು ಕುಳಿತರು. ಕುಳಿತವರೇ ಡ್ರೈವರನ ಹೆಗಲು ತಟ್ಟಿದರು.

“ತಮ್ಮಾ, ಸಣ್ಣ ವಿಮಾನ ಹಾರಸ್ತಾರಂತಲ್ಲ, ಜಕ್ಕೂರು? ಅಲ್ಲಿಗೆ ನಡಿ.”

“ಯವ್ವಾ, ದವಾಖಾನಿ—”

“ದವಾಖಾನಿ ಎಲ್ಲೂ ಓಡಿ ಹೋಗೂದಿಲ್ಲ, ಬಸ್ಯಾ. ಗಾಡಿ ಹೆಂಗೂ ತಂದೀಯಲ್ಲ!”

ಡ್ರೈವರು ಹಿಂತಿರುಗಿ ನೋಡಿದ. ಭಾವ ನಡೆಯೆಂದು ಕೈಬೀಸಿದರು. ಹೆಬ್ಬಾಳದ ಕೆರೆ ದಾಟಿ, ಬಯಲು ತೆರೆದುಕೊಂಡಂತೆ ಅತ್ತೆಯ ಬಾಯಿಯೂ ತೆರೆದುಕೊಂಡಿತು. ಪ್ರತಿ ಮರಕ್ಕೂ ಒಂದು ಷರಾ. ಜಕ್ಕೂರಿನ ಬೇಲಿಯಾಚೆ ಪುಟ್ಟ ವಿಮಾನವೊಂದು ನೆಲದ ಮೇಲೆ ತಡವರಿಸುತ್ತ ಓಡಿ, ಇನ್ನೇನು ಬಿತ್ತು ಅನ್ನುವಾಗ ಎದ್ದು ಆಕಾಶಕ್ಕೆ ನೆಗೆಯಿತು. ಅತ್ತೆ ಚಪ್ಪಾಳೆ ತಟ್ಟಿದರು.

“ಅಯ್ಯಯ್ಯ, ಥೇಟ್ ನಮ್ಮ ಬಸ್ಯಾ ಸಣ್ಣಾಂವಿದ್ದಾಗ ಓಡಿದಂಗ ಐತಿ!”

ಡ್ರೈವರು ಮೊದಲು ನಕ್ಕ, ಆಮೇಲೆ ನನ್ನ ಗಂಡ, ಆಮೇಲೆ ನಾನು. ಕೊನೆಗೆ ಭಾವನೂ ನಕ್ಕರು, ನಗುತ್ತ ನಗುತ್ತಲೇ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತರು. ಅತ್ತೆ ಆ ನರೆಗೂದಲಿನಲ್ಲಿ ಬೆರಳಾಡಿಸಿದರು. “ನನ್ನ ಉಳಸಾಕ ಬಂದೀ ಅಂತ ಗೊತ್ತೈತಿ ನನಗ. ಉಳಸೂದು ಬ್ಯಾಡ. ಉಳದು ಹೋಗು, ನನ್ನ ಸಂಗಾಟ, ಒಂದೀಟು ದಿನ.”

ಟ್ಯಾಕ್ಸಿ ಮನೆಗೆ ತಿರುಗಿತು. ಭಾವ ಉಳಿದರು. ಅಡಿಗೆಮನೆಯ ಹೊಸ್ತಿಲು ದಾಟದಿದ್ದವರು ತಾಯಿಯ ಹಾಸಿಗೆ ಬದಲಾಯಿಸಲು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ತಿರುಗಿಸಲು, ಕಾಲುಗುರು ಕತ್ತರಿಸಲು ಕಲಿತರು. ಅತ್ತೆ ತಿನ್ನುವುದನ್ನು ಪೂರ್ತಿ ಬಿಟ್ಟಾಗ ಚಮಚ ಹಿಡಿದು ಬಲವಂತ ಮಾಡುತ್ತಿದ್ದವಳು ನಾನು. ಇನ್ನು ದೇಹ ಕೇಳುವುದಿಲ್ಲ, ಹಸಿವಿನಿಂದ ಸಂಕಟಪಡುತ್ತಿಲ್ಲ, ಒದ್ದೆ ಬಟ್ಟೆಯಿಂದ ತುಟಿ ಒಣಗದಂತೆ ನೋಡಿಕೊಂಡರೆ ಸಾಕೆಂದು ಡಾಕ್ಟರು ಹೇಳಿದರು. ಆ ಒದ್ದೆ ಬಟ್ಟೆಯನ್ನು ಭಾವ ನನ್ನ ಕೈಯಿಂದ ತೆಗೆದುಕೊಂಡರು.

ಒಂದು ಬೆಳಿಗ್ಗೆ ಭಾವ ಜಯಮ್ಮನಿಗೆ ಜಕ್ಕೂರಿನ ಕಥೆಯನ್ನು ಹೇಳುತ್ತ, ಹೋಗೋಣವೆಂದದ್ದು ತಾನೇ ಎಂದು ಕೊಚ್ಚಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಮಲಗಿದ್ದ ಅತ್ತೆ, “ಸುಳ್ಳ,” ಎಂದರು. ನಾವೆಲ್ಲ ಗೊಳ್ಳೆಂದು ನಕ್ಕೆವು. ನಗು ಇಳಿದ ಮೇಲೆ ನೋಡಿದರೆ ಅವರ ಉಸಿರು ತೀರ ಸಣ್ಣಗಾಗಿತ್ತು. ಭಾವ ಒಂದು ಕೈ, ನನ್ನ ಗಂಡ ಒಂದು ಕೈ ಹಿಡಿದು ಕುಳಿತಿದ್ದಂತೆ, ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಅದು ನಿಂತಿತು.

ಅತ್ತೂ ಅತ್ತೂ ಹಗುರಾದೆವು. ಆದರೆ ಏನನ್ನೋ ಮಾಡದೆ ಬಿಟ್ಟೆವೆಂಬ ಕೊರಗು ಯಾರಲ್ಲೂ ಉಳಿಯಲಿಲ್ಲ.

ಮುಂದಿನ ವರ್ಷ ಜಯಮ್ಮ ಒಂದು ಮಧ್ಯಾಹ್ನ ಓಡಿಬಂದಳು. ಅವಳ ಮಾವನವರನ್ನೂ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. “ನಿಮ್ಮನೇಲಿ ಇತ್ತಲ್ಲಕ್ಕಾ, ಇಂಗಿಂಗೆ ಅಂತ, ಆ ಆರೈಕೆ ನಮ್ ಮಾವಂಗೂ ಬೇಕು. ಯೇಳ್ಕೊಡಿ,” ಎಂದಳು. ಜಯಮ್ಮನ ನಾಲಿಗೆಯಲ್ಲಿ ‘ಹ’ಕಾರ ನಿಲ್ಲುವುದಿಲ್ಲ, ಆರೈಕೆಯೋ ಹಾರೈಕೆಯೋ ಅವಳು ಹೇಳಿದ್ದರಲ್ಲಿ ತಿಳಿಯುವಂತಿಲ್ಲ. ಎರಡರ ನಡುವೆ ಅಂಥ ದೂರವಾದರೂ ಏನಿದೆ ಹೇಳಿ!

“ಮೊದಲು ಇದು ಹೇಳು, ನಿಮ್ಮ ಮಾವಂಗೆ ಏನಿಷ್ಟ?” ಎಂದೆ.

ಜಯಮ್ಮ ಉತ್ಸಾಹದಿಂದ ಬಾಯಿ ತೆರೆದಳು. ಮದುವೆಯಾದಂದಿನಿಂದ ಅವರಿಗೆ ಬಡಿಸುತ್ತ ಬಂದವಳು ಅವಳು.

“ಗೊತ್ತಿಲ್ಲವಲ್ಲಕ್ಕಾ,” ಎಂದಳು.

ಚಪ್ಪಲಿ ಮೆಟ್ಟಿಕೊಂಡು, ಅವರನ್ನೇ ಕೇಳಿಕೊಂಡು ಬರಲು ಇಬ್ಬರೂ ಹೊರಟೆವು.