ನಮ್ಮ ಮನೆಯ ಪಾಳಿ

ನನ್ನ ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ನಾಸಿಕದ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಗೆ ಹಿರಿಯರೂ ಅವರೇ. ಡ್ಯೂಟಿ ಮುಗಿದದ್ದೇ ತಡ, ಬೈಬಲ್ ಹಿಡಿದು ಸಿನ್ನರ್ ಕಡೆಗೋ ಪಿಂಪಳಗಾಂವ್ ಕಡೆಗೋ ಬೈಕ್ ಓಡಿಸುತ್ತಿದ್ದರು. ಕಟ್ಟಡ ಕೆಲಸಕ್ಕೆ ಬಂದ ನಮ್ಮೂರ ಕಡೆಯವರ ಶೆಡ್ಡುಗಳಲ್ಲಿ ಮನೆಪ್ರಾರ್ಥನೆ ನಡೆಸುವುದು ಅವರ ಸೇವೆ. ದೇವರ ನಂತರ ಹೆಂಡತಿ ಮಕ್ಕಳು, ಉಳಿದದ್ದೆಲ್ಲ ಆಮೇಲೆ ಎಂದು ಅಲ್ಲಿ ಚಂದಾಗಿ ಬೋಧಿಸುತ್ತಿದ್ದರಂತೆ. ಬೋಧನೆ ಶೆಡ್ಡಿನವರಿಗೆ, ಆರಿದ ರೊಟ್ಟಿ ನನಗೆ. ಮಗಳು ಫೋನಿನಲ್ಲಿ ಗೆಳತಿಯರ ಜೊತೆ ಮರಾಠಿಯಲ್ಲಿ ಹರಟುತ್ತಲೇ ಉಂಡು ಏಳುತ್ತಿದ್ದಳು. ಊಟದ ಪ್ರಾರ್ಥನೆಯನ್ನು ನಾನೊಬ್ಬಳೇ ಗೋಡೆಗೆ ಮುಖ ಮಾಡಿ ಹೇಳುತ್ತಿದ್ದೆ.

ಭಾನುವಾರ ಆರಾಧನೆ ಮುಗಿದ ಮೇಲೆ, "ಈ ವಾರ ಯಾರ ಮನೀಗೆ ಬರೋಣ್ರಿ?" ಎಂದು ಅವರು ಕೇಳುವುದು ರೂಢಿ. ಒಮ್ಮೆ ನಾನೇ ಕೈ ಎತ್ತಿದೆ.

"ನಮ್ಮ ಮನೀಗೂ ಒಮ್ಮೆ ಬರ್ರಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಶುಕ್ರವಾರ ಸಂಜೆ ನನ್ನ ಗಂಡ ಸಭೆಯವರನ್ನು ಕರೆದುಕೊಂಡು ಬಂದರು. ಬಂದವರಿಗೆಂದು ಹಾಕಿದ್ದ ಕುರ್ಚಿಯಲ್ಲೇ ತಾವೂ ಕೂತರು. ಗಂಡಂದಿರು ದೂರದ ಸೈಟಿಗೆ ಹೋದ ಹೆಂಗಸರಿಗಾಗಿ ಶೆಡ್ಡುಗಳಲ್ಲಿ ಮಾಡಿ ಮಾಡಿ ಬಾಯಿಪಾಠವಾಗಿದ್ದ ಪ್ರಾರ್ಥನೆಯನ್ನೇ ಕಣ್ಣು ಮುಚ್ಚಿ ಶುರುಮಾಡಿದರು.

"ಕರ್ತನೇ, ಈ ಮನೆಯ ಯಜಮಾನನನ್ನು ಬೇಗ ಮನೆಗೆ ಕರೆದುಕೊಂಡು ಬಾ..."

ಅಷ್ಟಕ್ಕೇ ಅವರ ಬಾಯಿ ಕಟ್ಟಿತು. ಯಾರೂ ಕಣ್ಣು ತೆರೆಯಲಿಲ್ಲ.

"ಆಮೆನ್" ಎಂದೆ ನಾನು, ಜೋರಾಗಿ.