ಬಿಂದಿಗೆ ಸುರಿದ ಕೈ

ಬಾಣಾವರದ ಸ್ಟೇಷನ್ ಬೀದಿಯವರು ಒಂದು ಕಾಲಕ್ಕೆ ಅನುಸೂಯಮ್ಮನ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಅವಳ ಮೊಣಕೈ ಒಪ್ಪಿದ ನೀರಿಗೆ ಕೂಸು ಅಳಲ್ಲ." ಆಮೇಲೆ ಅದೇ ಬಾಯಿಗಳು ಇನ್ನೊಂದು ಮಾತು ಕಲಿತವು: "ಕೂಸು ಸುಟ್ಟ ಕೈ ಅದು, ಹುಷಾರು." ಮೊದಲ ಮಾತು ಹಬ್ಬಲು ಇಪ್ಪತ್ತು ವರ್ಷ ಬೇಕಾಯಿತು. ಎರಡನೆಯದಕ್ಕೆ ಒಂದು ಬೆಳಗು ಸಾಕಾಯಿತು.

ಅನುಸೂಯಮ್ಮ ಹಗರೆಯ ಕಡೆಯ ಹೆಣ್ಣು. ಬಾಣಾವರಕ್ಕೆ ಸೊಸೆಯಾಗಿ ಬಂದು, ಅತ್ತೆಯ ಹಿಂದೆ ಮನೆಮನೆ ತಿರುಗಿ, ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವ ಕೆಲಸ ಕಲಿತಳು. ಕಾಲು ನೀಡಿ ಕೂತು, ಕೂಸನ್ನು ಕಣಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ, ಮೂಗು ತಿದ್ದಿ, ಚೊಂಬಿನ ನೀರನ್ನು ಮೊದಲು ತನ್ನ ಕೈಮೇಲೆ ಹಾಯಿಸಿ ಆಮೇಲೆ ಕೂಸಿಗೆ ಬಿಡುವಳು. ಆ ಬೀದಿಯಲ್ಲಿ ಇವತ್ತು ಬೈಕು ಹಾರಿಸಿಕೊಂಡು ಹೋಗುವ ಗಂಡುಗಳಲ್ಲಿ ಅರ್ಧ ಜನರ ತಲೆ ದುಂಡಗಾದದ್ದು ಅವಳ ಅಂಗೈಯಲ್ಲಿ.

ಹನ್ನೊಂದು ವರ್ಷದ ಹಿಂದೆ ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪನವರ ಮನೆಯಲ್ಲಿ ಅವರ ಮೊಮ್ಮಗಳು ಸಿರಿಯ ಕಾಲಿಗೆ ಬಚ್ಚಲ ಬಾಯ್ಲರಿನ ಕುದಿನೀರು ಬಿತ್ತು. ಆಗಿನ್ನೂ ಇಪ್ಪತ್ತು ದಿನದ ಕೂಸು. ತಾಯಿ ಹೇಮಲತಾ ತವರಿಲ್ಲದವಳು, ಬಾಣಂತನ ಗಂಡನ ಮನೆಯಲ್ಲೇ, ಒಳಕೋಣೆಯಲ್ಲಿ ಮಲಗಿದ್ದಳು. ಬಚ್ಚಲಲ್ಲಿ ಇದ್ದವರು ಇಬ್ಬರೇ, ಅನುಸೂಯಮ್ಮ ಮತ್ತು ಹೇಮಲತಾಳ ಅತ್ತೆ ಬಸಮ್ಮ. ಕೂಸು ಚೀರಿದ ಮರುಗಳಿಗೆಗೆ ಬಸಮ್ಮ ಹೊರಗೆ ಬಂದು, "ನೀರು ನೋಡ್ದೆ ಹುಯ್ದುಬಿಟ್ಳು ಕಣ್ರೀ" ಎಂದಳು. ಅನುಸೂಯಮ್ಮ ಬಾಯಿ ತೆರೆಯುವ ಹೊತ್ತಿಗೆ ಆ ಮಾತು ಬೀದಿಯ ಕೊನೆ ಮುಟ್ಟಿತ್ತು.

ಒಂದೊಂದೇ ಮನೆ ಕದ ಹಾಕಿಕೊಂಡಿತು. ಅವಳು ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಚಿಪ್ಪು ಬಿಡಿಸುವ ಕೆಲಸಕ್ಕೆ ಸೇರಿದಳು. ಚಿಪ್ಪಿಗೆ ಏಟು ಹಾಕುವಾಗಲೆಲ್ಲ ಬಸಮ್ಮನ ಹೆಸರು ನೆನೆದಳು. ಕೋಪ ಆರಲಿಲ್ಲ, ಬೂದಿ ಮುಚ್ಚಿ ಕಾಪಾಡಿಕೊಂಡಳು.

ಈ ಕಾರ್ತಿಕದ ಚಳಿಯಲ್ಲಿ ಬಸಮ್ಮನೇ ಅವಳ ಬಾಗಿಲಿಗೆ ಬಂದು ನಿಂತಳು. ಹೇಮಲತಾ ಎರಡನೇ ಕೂಸು ಹೆತ್ತು ವಾರವಾಗಿತ್ತು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಕರೆಂಟಿನ ಗೀಸರ್ ಕೆಟ್ಟಿತ್ತು. ಮೂಲೆಗೆ ಬಿದ್ದಿದ್ದ ಹಳೇ ತಾಮ್ರದ ಬಾಯ್ಲರಿಗೆ ಮತ್ತೆ ಬೆಂಕಿ ಹಾಕಿದರೆ, ಎಷ್ಟು ಉರಿಸಿದರೂ ಉಗುರುಬೆಚ್ಚಗಿನ ನೀರೇ.

"ಆ ಬಾಯ್ಲರಿನ ಜೊತೆ ಏಗಿದೋಳು ನೀನು. ಬಂದು ನೋಡು ಅನುಸೂಯಮ್ಮ. ಬಾಣಂತಿ ನಡುಗ್ತಾ ಅವ್ಳೆ."

"ನಂದು ಕೂಸು ಸುಡೋ ಕೈ ಅಲ್ವಾ ಅಮ್ಮಾವ್ರೇ?"

"ಹಳೇದೆಲ್ಲ ಯಾಕೀಗ."

"ಬತ್ತೀನಿ. ಆದ್ರೆ ಅಲ್ಲಿ ನಾನು ಹೇಳ್ದಂಗೆ ನೀವು ಕೇಳ್ಬೇಕು."

"ಕೇಳ್ತೀನಿ, ಬಾ."

ಹಿಂದಿನಂತೆ, ಕೆಲಸದವರು ಬಳಸುವ ಹಿತ್ತಿಲ ಬಾಗಿಲಿನಿಂದಲೇ ಬಚ್ಚಲಿಗೆ ಹೋದಳು. ಅರಸೀಕೆರೆಯ ಫಿಟ್ಟರ್ ಚನ್ನೇಶ್ ಅಲ್ಲೇ ತಲೆ ಕೆರೆದುಕೊಳ್ಳುತ್ತಿದ್ದ. "ಹೊಗೆಕೊಳವೆ ಎರಡು ಸಲ ಬಳಿದೆ ಅಮ್ಮಾ. ತಳದ ಸುಣ್ಣನೂ ಕೆರೆದೆ. ಎಲ್ಲಾ ಸರಿಯಾಗೈತೆ, ನೀರೊಂದು ಬಿಸಿ ಇಲ್ಲ."

ಒಲೆಯಲ್ಲಿ ತೆಂಗಿನ ಸಿಪ್ಪೆ ಧಗಧಗ ಉರಿಯುತ್ತಿತ್ತು. ಅನುಸೂಯಮ್ಮ ಬಾಯ್ಲರಿನ ಮೈ ಮುಟ್ಟಿದಳು. ಕೈ ಚುರ್ ಎಂದಿತು. ಒಂದು ಚೊಂಬು ತಣ್ಣೀರನ್ನು ಮೇಲಿನ ಆಲಿಕೆಗೆ ಸುರಿದಳು. ಪಕ್ಕದ ಕೊಳವೆಯಿಂದ ಚೊಂಬಿನಷ್ಟೇ ನೀರು ಬಂತು, ಬೆಚ್ಚಗೆ.

"ಒಳಗೆಲ್ಲ ಬೆಂಕಿ, ಬಾಯಿ ಮಾತ್ರ ತಣ್ಣಗೆ," ಎಂದಳು. "ನಮ್ಮ ಅಮ್ಮಾವ್ರ ಥರ."

ಚನ್ನೇಶ್ ನಗು ನುಂಗಿಕೊಂಡ. ಅವಳು ಒಂದು ಗರಿಕಡ್ಡಿಯನ್ನು ಆಲಿಕೆಯೊಳಗೆ ಇಳಿಸಿದಳು. ತಳ ಮುಟ್ಟುವವರೆಗೂ ಒಳಕೊಳವೆಯಲ್ಲಿ ನೇರ ಇಳಿಯಬೇಕಾದ ಕಡ್ಡಿ ಗೇಣು ದೂರಕ್ಕೇ ಸಡಿಲವಾಗಿ ತೂಗಾಡಿತು.

"ಒಳಗಿನ ಕೊಳವೆ ಕಳಚಿಬಿದ್ದೈತಪ್ಪಾ. ತಣ್ಣೀರು ತಳಕ್ಕೆ ಹೋಗಿ ಬಿಸಿನೀರ್ನ ಮೇಲೆ ತಳ್ಬೇಕು. ಈಗ ಮೇಲೇ ಬೆರೆತು ಹಂಗೇ ಆಚೆ ಬತ್ತೈತೆ."

ಚನ್ನೇಶ್ ಹೊಸ ಕೊಳವೆ ತಂದು ಬೆಸೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಮತ್ತೆ ನೀರು ತುಂಬಿಸಿ ಒಲೆ ಹಚ್ಚುವ ಕೆಲಸವನ್ನು ಅನುಸೂಯಮ್ಮ ಬಸಮ್ಮನಿಗೇ ಒಪ್ಪಿಸಿದಳು. ಹೊಗೆಗೆ ಬಸಮ್ಮನ ಕಣ್ಣು ಕೆಂಪಾದವು.

"ಊದಿ ಅಮ್ಮಾವ್ರೇ. ಇನ್ನೂ ಊದಿ."

ನೀರು ಕಾದ ಮೇಲೆ ಹೇಮಲತಾಳನ್ನು ಬಚ್ಚಲ ಬಾಗಿಲಿಗೆ ಕರೆಸಿ ಮಣೆ ಹಾಕಿ ಕೂರಿಸಿದಳು. ತೊಟ್ಟಿಲ ಶಾಸ್ತ್ರಕ್ಕೆಂದು ತೊಳೆದಿಟ್ಟಿದ್ದ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ತಾನು ಹಿಂದೆ ಕೂರುತ್ತಿದ್ದ ಜಾಗದಲ್ಲೇ ಕೂತು, ಕಣಕಾಲ ಮೇಲೆ ಇಟ್ಟುಕೊಂಡಳು. ಬಾಯ್ಲರಿನ ಕೊಳವೆ ಕಣಕಾಲಿನ ನೇರಕ್ಕೇ ಮೇಲೆ ಚಾಚಿಕೊಂಡಿತ್ತು.

"ನೋಡು ಹೇಮಾ. ಅವತ್ತೂ ಹಿಂಗೇ ಕೂತಿದ್ದೆ. ಕೂಸು ಕಾಲ ಮೇಲೈತೆ, ನನ್ನ ಎರಡೂ ಕೈ ಕೂಸಿನ ಮೇಲವೆ. ಈ ಕೊಳವೇಲಿ ನೀರು ಬತ್ತೈತಾ?"

ಎಲ್ಲರೂ ಕೊಳವೆಯನ್ನೇ ನೋಡಿದರು. ಒಂದು ಹನಿ ಬೀಳಲಿಲ್ಲ.

ಅನುಸೂಯಮ್ಮ ಕಲ್ಲನ್ನು ಅಲ್ಲೇ ಬಿಟ್ಟು ಎದ್ದು ಸರಿದಳು. "ಈಗ ಒಂದು ಬಿಂದಿಗೆ ಹುಯ್ಯಿರಿ ಅಮ್ಮಾವ್ರೇ."

"ನಾನ್ಯಾಕೆ? ಚನ್ನೇಶ ಹುಯ್ತಾನೆ."

"ನೀವೇ ಹುಯ್ಯಿರಿ. ಹೇಳ್ದಂಗೆ ಕೇಳ್ತೀನಿ ಅಂತ ಕರಕೊಂಡು ಬಂದ್ರಿ."

ಬಸಮ್ಮ ಬಿಂದಿಗೆ ಎತ್ತಿದಳು. ಮುಖ ತಿರುಗಿಸಿಕೊಂಡೇ ಸುರಿದಳು. ಅರ್ಧ ಆಲಿಕೆಗೆ, ಅರ್ಧ ನೆಲಕ್ಕೆ ಬಿತ್ತು. ಕುದಿನೀರು ದಬದಬನೆ ಕಲ್ಲಿನ ಮೇಲೆ ಸುರಿದು, ಬಟ್ಟೆಯಿಂದ ಹಬೆ ಎದ್ದಿತು.

ಅನುಸೂಯಮ್ಮ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದಳು. ಕಣಕಾಲ ಮೇಲೆ ಅಂಗೈಯಗಲ ಸುಕ್ಕುಗಟ್ಟಿದ ಚರ್ಮ. "ಅವತ್ತು ನಂದೂ ಬೆಂದಿತ್ತು. ಯಾರೂ ಕೇಳ್ಲಿಲ್ಲ."

ಹೇಮಲತಾ ಬಗ್ಗಿ ಆ ಕಾಲನ್ನು ನೋಡಿದಳು. ಆಮೇಲೆ ತಲೆಯೆತ್ತಿ, "ಅವತ್ತು ಬಿಂದಿಗೆ ಸುರಿದೋರು ಯಾರು ಅತ್ತೆ?" ಎಂದು ಕೇಳಿದಳು.

"ಹಾಲಿನೋನು ಬಾಗಿಲಲ್ಲಿ ಕೂಗ್ತಾ ಇದ್ದ," ಎಂದಳು ಬಸಮ್ಮ. "ಬೇಗ ಆಗ್ಲಿ ಅಂತ ನಾನೇ ಹುಯ್ದೆ."

ಅದನ್ನು ಕೇಳಲು ಅನುಸೂಯಮ್ಮ ಹನ್ನೊಂದು ವರ್ಷ ಬದುಕಿದ್ದಳು. ಬಾಯಿಗೆ ಬೆಲ್ಲ ಹಾಕಿಕೊಂಡಂತೆ ಅದರ ರುಚಿ ನೋಡಿದಳು. ಆಮೇಲೆ ಬಾನಿಯಲ್ಲಿ ನೀರು ಬೆರೆಸಿ, ಮೊಣಕೈ ಅದ್ದಿ, ಬಾಣಂತಿಗೆ ಮನಸಾರೆ ನೀರು ಹಾಕಿದಳು. ಕೂಸಿಗೂ ಹಾಕಿದಳು. ಕೂಸು ಅಳಲಿಲ್ಲ.

ಬಸಮ್ಮ ಎಲೆಯಡಿಕೆಯ ಮೇಲೆ ಕುಪ್ಪಸದ ಕಣ ಇಟ್ಟು ತಂದಳು. ಅನುಸೂಯಮ್ಮ ಮುಟ್ಟಲಿಲ್ಲ.

"ನಾಳೆನೂ ಬಾ ಅಕ್ಕ," ಎಂದಳು ಹೇಮಲತಾ.

"ಬಾಯ್ಲರ್ ಸರಿಯಾಯ್ತಲ್ಲ ತಾಯಿ. ನಾಳೆಯಿಂದ ನಿಮ್ಮತ್ತೇನೇ ಹಾಕ್ತಾರೆ. ನೀನು ಹಿಂಗೇ ಬಾಗಿಲಲ್ಲಿ ಮಣೆ ಹಾಕ್ಕೊಂಡು ಕೂತು ನೋಡ್ತಿರು, ದಿನಾ."

ಬಸಮ್ಮನ ಮುಖ ಕಳೆಗುಂದಿತು. ಅನುಸೂಯಮ್ಮ ಹಿತ್ತಿಲ ಕಡೆ ತಿರುಗಲಿಲ್ಲ. ಒದ್ದೆ ಸೀರೆಯಿಂದ ನೀರು ಸುರಿಸುತ್ತಾ, ಒರೆಸಿ ಹೊಳಪಿಟ್ಟಿದ್ದ ನಡುಮನೆಯನ್ನು ಉದ್ದಕ್ಕೂ ನಡೆದು, ಮುಂಬಾಗಿಲಿನ ಹೊಸಿಲು ದಾಟಿ, ಎದುರು ಮನೆಯವರು ಜಗಲಿಯಿಂದ ನೋಡುತ್ತಿದ್ದಂತೆಯೇ ಬೀದಿಗೆ ಇಳಿದಳು.